ಮಗ್ಗದ ಗುಂಡಿಯ ಮೇಲೆ ಕಪಾಟು

ನಾನು ನನ್ನ ಅಕ್ಕನಿಗೆ ಕನ್ನಡಕ ತಂದುಕೊಡಲಿಲ್ಲ. ಮರೆತದ್ದಲ್ಲ. ಡಾಕ್ಟರು ಬರೆದುಕೊಟ್ಟ ಚೀಟಿ ನನ್ನ ಅಂಗಿಯ ಕಿಸೆಯಲ್ಲಿತ್ತು. ಕನ್ನಡಕದ ಅಂಗಡಿ ಮಂಗಳೂರಿನಲ್ಲಿ ನಾನು ಅಲೆಯುತ್ತಿದ್ದ ಬೀದಿಯಲ್ಲೇ ಇತ್ತು. ಹನ್ನೆರಡು ವರ್ಷ ಆ ಅಂಗಡಿಯ ಮುಂದೆ ಹಾದುಹೋದೆ, ಒಳಗೆ ಕಾಲಿಡಲಿಲ್ಲ. ಅಷ್ಟರಲ್ಲಿ ಅಕ್ಕ ನೇಯುವುದನ್ನೇ ಬಿಟ್ಟಿದ್ದಳು. ನಾನು ಮೂರನೆಯ ಕ್ಲಾಸಿನವರೆಗೆ ಮಾತ್ರ ಓದಿದವನು, ಇಂಥದ್ದನ್ನು ಹೇಗೆ ಬರೆಯಬೇಕೆಂದು ತಿಳಿಯದು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮದು ಕಾಸರಗೋಡು ಪೇಟೆಯ ಅಂಚಿನ ನೇಕಾರರ ಬೀದಿ. ಎರಡು ಸಾಲು ಮನೆ, ಪ್ರತಿ ಮನೆಯ ಚಾವಡಿಯಲ್ಲಿ ಒಂದು ಮಗ್ಗದ ಗುಂಡಿ. ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ಮೆಟ್ಟುತ್ತ ನೇಯುವುದು. ಅಕ್ಕ ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ಮನೆಗೆ ಮರಳಿದಳು. ಆಗ ನನಗೆ ಐದು ವರ್ಷ, ಅಮ್ಮ ಇರಲಿಲ್ಲ. ನನ್ನನ್ನು ಮೀಯಿಸಿ ಉಣಿಸಿ ಬೆಳೆಸಿದವಳು ಅವಳು. ನಮ್ಮ ಬೀದಿಯಲ್ಲಿ ಗುಂಡಿಗೆ ಇಳಿಯುವವರು ಗಂಡಸರು. ಅಪ್ಪನ ಕಾಲು ಸ್ವಾಧೀನ ತಪ್ಪಿದ ಮೇಲೆ ಅಕ್ಕ ಯಾರನ್ನೂ ಕೇಳದೆ ಇಳಿದಳು. ಅಪ್ಪ ಗೋಡೆಗೆ ಒರಗಿ ಕೂತು ಹೇಳಿಕೊಟ್ಟರು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವಳ ಸೀರೆಯ ಅಂಚು ಅಪ್ಪನ ಅಂಚಿಗಿಂತ ನೇರವಾಗಿ ಬರತೊಡಗಿತು.

ಆದರೆ ಅವಳಿಗೆ ಹೆಸರು ಬಂದದ್ದು ಇನ್ನೊಂದು ಕೆಲಸದಿಂದ. ಮಗ್ಗದ ಉದ್ದಕ್ಕೆ ಹಾಸಿದ ನೂಲು ನೇಯ್ದು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ, ಬಾಚಣಿಗೆಯಂಥ ಬಿದಿರಿನ ಹಣಿಗೆಯಲ್ಲಿ ಹಾದ ತುದಿಗಳನ್ನು ಗೇಣುದ್ದ ಹಾಗೇ ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯ ಒಂದೊಂದು ಎಳೆಗೆ ಹೊಸೆದು ಸೇರಿಸಬೇಕು. ಗಂಟು ಹಾಕಿದರೆ ಹಣಿಗೆಯಲ್ಲಿ ಸಿಕ್ಕಿಬೀಳುತ್ತದೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ತಿರುವು ಕೊಟ್ಟರೆ ಎರಡೂ ಒಂದಾಗಬೇಕು. ಸಾವಿರಾರು ಎಳೆ. ಒಂದು ಎಳೆ ಪಕ್ಕದ್ದಕ್ಕೆ ಸೇರಿಹೋದರೆ ಸೀರೆಯ ಉದ್ದಕ್ಕೂ ಗೀಟು ಬೀಳುತ್ತದೆ. ಅಕ್ಕ ಸೇರಿಸಿದ ಎಳೆ ಜಾರಿದ್ದನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಮದುವೆಯ ಸೀರೆಗೆ ಹಾಸು ಹಾಕುವ ಮನೆಯವರು ಎಲೆ ಅಡಿಕೆ ಇಟ್ಟು ಅವಳನ್ನು ಕರೆಯುತ್ತಿದ್ದರು.

ನನಗೆ ನೇಯ್ಗೆ ಕೈಗೂಡಲಿಲ್ಲ. ಲಾಳಿ ಎಸೆದರೆ ನೆಲಕ್ಕೆ ಬೀಳುತ್ತಿತ್ತು. ಹಾಗಾಗಿ ನೇಯ್ದದ್ದನ್ನು ಮಂಗಳೂರಿನ ವ್ಯಾಪಾರಿಗೆ ಕೊಟ್ಟು ನೂಲು ತರುವ ಕೆಲಸ ನನ್ನದಾಯಿತು. ತಿಂಗಳಿಗೆ ಎರಡು ಸಲ ರೈಲು.

ಆ ವ್ಯಾಪಾರಿಯ ಅಂಗಡಿಯಲ್ಲಿ ನಾನು ಕಟ್ಟು ಹೊತ್ತವನು. "ಏ, ಅಲ್ಲಿ ನಿಲ್ಲು. ಗಿರಾಕಿ ಹೋಗ್ಲಿ," ಎನ್ನುತ್ತಿದ್ದರು. ಒಂದು ದಿನ ಹಾಗೆ ನಿಂತು ನಿಂತು ಸಾಕಾಗಿ ಹೊರಬಂದವನು ಎದುರಿನ ಫ್ಯಾನ್ಸಿ ಸಾಮಾನಿನ ಅಂಗಡಿಯ ಗಾಜಿನೊಳಗೆ ಇಣುಕಿದೆ.

"ಬನ್ನಿ, ಬನ್ನಿ. ಒಳಗೆ ಬನ್ನಿ. ಕೂತ್ಕೊಳ್ಳಿ," ಎಂದರು ಅಂಗಡಿಯವರು.

ನನಗೆ ಯಾರೂ ಬಹುವಚನ ಹಾಕಿ ಮಾತಾಡಿರಲಿಲ್ಲ. ಕೂತೆ. ನನ್ನ ಎದುರು ಒಂದೊಂದೇ ಸಾಮಾನು ಬಂತು: ಕಿಸೆ ಗಡಿಯಾರದ ಸರಪಳಿ, ದಂತದ ಹಿಡಿಯ ಕೊಡೆ, ಕೈಗನ್ನಡಿ. "ನಿಮ್ಮಂಥವರಿಗೆ ಇದು ಒಪ್ತದೆ," ಎಂದರು. ನನ್ನಂಥವರು ಎಂದರೆ ಯಾರೆಂದು ನನಗೆ ಗೊತ್ತಿರಲಿಲ್ಲ. ಆದರೆ ಅಂಥವನೊಬ್ಬ ಇದ್ದಾನೆ, ಅವನು ನಾನೇ ಎಂದು ಕೇಳಿ ಮೈ ಬೆಚ್ಚಗಾಯಿತು. ಸರಪಳಿ ಕೊಂಡೆ. ಗಡಿಯಾರ ಇರಲಿಲ್ಲ. ಬರಿ ಸರಪಳಿಯ ತುದಿಯನ್ನು ಕಿಸೆಯೊಳಗೆ ಬಿಟ್ಟುಕೊಂಡು ರೈಲು ಹತ್ತಿದೆ.

ಆಮೇಲೆ ಪ್ರತಿ ಸಲವೂ ಏನಾದರೊಂದು ಕೊಂಡು ಬರುತ್ತಿದ್ದೆ. ಉಳ್ಳಾಲ ದಾಟುವವರೆಗೂ ನಾನು ರಾಜ. ಮಂಜೇಶ್ವರದಲ್ಲೂ ತೊಂದರೆ ಇಲ್ಲ. ಕುಂಬಳೆ ಬಿಟ್ಟು ಮೊಗ್ರಾಲಿನ ಹೊಳೆಯ ಸಂಕದ ಮೇಲೆ ರೈಲು ಸದ್ದು ಮಾಡುವಾಗ ಏನೋ ಒಳಗೆ ಬರಿದಾಗುತ್ತಿತ್ತು. ಮಡಿಲಲ್ಲಿದ್ದ ಕಟ್ಟು ಆಮೇಲೆ ಬರೀ ಕಟ್ಟು. ಮನೆಗೆ ಬಂದರೆ ಬಿಚ್ಚಬೇಕೆಂದೂ ಅನಿಸುತ್ತಿರಲಿಲ್ಲ. ಮತ್ತೆ ಹದಿನೈದು ದಿನ ಆ 'ಕೂತ್ಕೊಳ್ಳಿ'ಗಾಗಿ ಕಾಯುತ್ತಿದ್ದೆ.

ಎದುರು ಮನೆಯ ಅಜ್ಜಿ ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದಳು: "ಮಂಗಳೂರಿನಲ್ಲಿ ಇನ್ನು ಎಂತಾದ್ರೂ ಉಳಿದಿದ್ಯಾ ಮಾರಾಯ, ಅಲ್ಲ ಎಲ್ಲ ನೀನೇ ತಂದ್ಯಾ?"

"ನಿಮಗೆ ಬೇಕಾದ್ರೆ ಹೇಳಿ ಅಜ್ಜಿ, ಬಂದರಿನಲ್ಲಿ ಒಂದು ಹಡಗುಂಟು."

"ಹಡಗು ಬೇಡ. ಸರಪಳಿ ಉಂಟಲ್ಲ ನಿನ್ನ ಹತ್ರ, ಅದಕ್ಕೆ ಒಂದು ದನ ತಾ."

ಬೀದಿಯವರೆಲ್ಲ ನಗುತ್ತಿದ್ದರು. ಅಕ್ಕನೂ ಮಗ್ಗದ ಹಿಂದಿನಿಂದ ನಗುತ್ತಿದ್ದಳು. ಅವಳು ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಹೆಣ್ಣು ನೋಡಲು ಹೋಗುವಾಗಲೆಲ್ಲ ಇನ್ನೂ ಒಳ್ಳೆಯ ಅಂಗಿ ಬೇಕೆಂದು ಮುಂದಕ್ಕೆ ಹಾಕುತ್ತ ಹೋದೆ. ಕೊನೆಗೆ ತೋರಿಸುವ ಹೆಣ್ಣುಗಳೇ ಮುಗಿದರು. ಆಗಲೂ ಅವಳು, "ಅವನಿಗೆ ಆಸೆ ಜಾಸ್ತಿ. ಸಣ್ಣದಿರುವಾಗ ಎಂತದೂ ಸಿಕ್ಕಲಿಲ್ಲ ಅಲ್ವಾ," ಎಂದು ಅಜ್ಜಿಯ ಹತ್ತಿರ ನನ್ನ ಪರವಾಗಿ ಮಾತಾಡಿದಳು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವಳಿಗೆ ನಲವತ್ತು ದಾಟಿತ್ತು. ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದು ಮಸುಕಾಯಿತು. ಬೀದಿಯ ತುದಿಯಲ್ಲಿ ನಾನು ಕಾಣಿಸಿದರೆ ಕೈಯಲ್ಲಿ ಎಷ್ಟು ಕಟ್ಟುಗಳಿವೆಯೆಂದು ಹೇಳುತ್ತಿದ್ದಳು. ಮೂಗಿನ ಕೆಳಗಿನ ಎಳೆ ಕಾಣುತ್ತಿರಲಿಲ್ಲ. ಊರಿನ ಶಾಲೆಗೆ ಕಣ್ಣಿನ ಡಾಕ್ಟರೊಬ್ಬರು ಬಂದಾಗ ಬೀದಿಯ ಹೆಂಗಸರ ಜೊತೆ ಹೋಗಿ ತೋರಿಸಿಕೊಂಡಳು. ಅವರು ನಂಬ್ರ ಬರೆದು ಚೀಟಿ ಕೊಟ್ಟು, ಮಂಗಳೂರಿನ ಅಂಗಡಿಯಲ್ಲಿ ಮಾಡಿಸಿಕೊಳ್ಳಿ ಎಂದರಂತೆ. ಅವಳು ಚೀಟಿಯನ್ನೂ ಕನ್ನಡಕದ ದುಡ್ಡನ್ನೂ ನನ್ನ ಕಿಸೆಗೆ ಹಾಕಿ, ಅದರ ಮೇಲೆ ಕೈಯಿಂದ ಒಮ್ಮೆ ತಟ್ಟಿದಳು.

"ಮರೀಬೇಡ ಆಯ್ತಾ. ಮುಂದಿನ ಹಾಸು ಸೇರಿಸುವಾಗ ಬೇಕು."

ನಾನು ಕನ್ನಡಕದ ಅಂಗಡಿಗೇ ಹೊರಟಿದ್ದೆ, ಇದು ಸತ್ಯ. ದಾರಿಯಲ್ಲಿ ಆ ಫ್ಯಾನ್ಸಿ ಅಂಗಡಿಯವರು, "ನಿಮಗೇ ಅಂತ ಒಂದು ತೆಗೆದಿಟ್ಟಿದ್ದೇನೆ," ಎಂದು ಕರೆದರು. ಪೆನ್ನು. ಕಡುನೀಲಿ ಮೈ, ಬಂಗಾರದ ಬಣ್ಣದ ಕೊಕ್ಕೆ. "ಇನ್ನೊಂದು ಬರುದಿಲ್ಲ. ಯುದ್ಧ ಅಲ್ವಾ." ನನ್ನ ಹೆಸರನ್ನು ಬರೆಯಲು ನನಗೆ ಆಗ ಅರ್ಧ ಗಳಿಗೆ ಬೇಕಾಗುತ್ತಿತ್ತು. ಕನ್ನಡಕ ಮುಂದಿನ ಸಲವೂ ಸಿಗುತ್ತದೆ, ಪೆನ್ನು ಸಿಗುವುದಿಲ್ಲ ಎಂದುಕೊಂಡೆ. ಇನ್ನೂ ಒಂದು ಕಾರಣವಿತ್ತು. ಅದನ್ನು ಆಗ ನನಗೆ ನಾನೇ ಹೇಳಿಕೊಳ್ಳಲಿಲ್ಲ. ಕನ್ನಡಕ ಕೊಂಡರೆ ಅದನ್ನು ಹಾಕಿಕೊಳ್ಳುವವಳು ಅಕ್ಕ. ಕಿಸೆಯಲ್ಲಿ ಹೊಳೆಯುವಂಥದ್ದೇನೂ ಅದರಲ್ಲಿ ನನಗಿರಲಿಲ್ಲ.

ನಾನು ಬೀದಿಯ ತುದಿಯಲ್ಲಿರುವಾಗಲೇ ಅವಳು ನನ್ನ ಕೈ ನೋಡಿದ್ದಳು.

"ಕನ್ನಡಕ ಬಂತಾ?"

"ಇಲ್ಲ ಅಕ್ಕ. ಗಾಜು ಮದ್ರಾಸಿನಿಂದ ಬರ್ಬೇಕಂತೆ. ಯುದ್ಧ ಅಲ್ವಾ."

ಅಂಗಡಿಯವರ ಮಾತನ್ನೇ ನಾನು ಅವಳಿಗೆ ದಾಟಿಸಿದ್ದೆ.

"ಹೌದಾ," ಎಂದಳು. "ಯುದ್ಧ ಮಾಡುವವರಿಗೂ ಗುರಿ ಕಾಣ್ಬೇಕಲ್ಲ ಮಾರಾಯ. ಮೊದಲು ಅವರಿಗೆ ಕೊಡ್ಲಿ."

ಎರಡನೆಯ ಸಲ ಟಾರ್ಚು. ಮೂರನೆಯ ಸಲ ಕಂದು ಬಣ್ಣದ ಬೂಟು. ಪ್ರತಿ ಸಲವೂ, ಯುದ್ಧ ಮುಗಿದ ಮೇಲೂ, ಗಾಜು ಮದ್ರಾಸಿನಲ್ಲೇ ಇತ್ತು. ಅಕ್ಕ ಕೇಳುವುದನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿದಳು. ಎಳೆ ಸೇರಿಸುವ ದಿನ ಹಣಿಗೆಯನ್ನು ಅಂಗಳಕ್ಕೆ ತಂದು, ನಡುಹಗಲಿನ ಬಿಸಿಲಿನಲ್ಲಿ ಕೂರತೊಡಗಿದಳು. ಎಳೆಗಳ ಕೆಳಗೆ ಕಪ್ಪು ಬಟ್ಟೆ ಹಾಸಿ, ತಲೆಯನ್ನು ಹಿಂದಕ್ಕೆ ಹಿಂದಕ್ಕೆ ಎಳೆದು ನೋಡುವಳು. ಕಾಣದಿದ್ದಾಗ ಎಳೆಯನ್ನು ತುಟಿಗೆ ತಾಗಿಸಿ ಗುರುತಿಸುವಳು. ನಾನು ಹೊಸ ಬೂಟು ಹಾಕಿಕೊಂಡು ಜಗಲಿಯ ನೆರಳಿನಲ್ಲಿ ಕೂತು ಅದನ್ನು ನೋಡಿದ್ದೇನೆ.

ಒಂದು ಸಲ ವ್ಯಾಪಾರಿ ಸೀರೆಯನ್ನು ಬೆಳಕಿಗೆ ಹಿಡಿದು, "ಇದು ನಿಮ್ಮ ಮನೆಯ ಮಾಲಾ?" ಎಂದು ಕೇಳಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಗೀಟು ಹೋಗಿತ್ತು. ಎರಡು ಎಳೆ ಅದಲು ಬದಲಾಗಿದ್ದವು. ಮಡಚಿ ನನ್ನ ಕೈಗೆ ವಾಪಸು ಕೊಟ್ಟರು. ಮನೆಗೆ ತಂದಾಗ ಅಕ್ಕ ಅದನ್ನು ಮಡಿಲಲ್ಲಿ ಹರಡಿ ಬೆರಳಾಡಿಸಿದಳು.

"ಎಲ್ಲುಂಟು?"

"ಇಲ್ಲಿ ಅಕ್ಕ."

"ಎಲ್ಲಿ ಮಾರಾಯ?"

ನಾನು ಅವಳ ಬೆರಳನ್ನು ಹಿಡಿದು ಗೀಟಿನ ಮೇಲೆ ಇಟ್ಟೆ. ಬೆರಳು ಅಲ್ಲೇ ಬಹಳ ಹೊತ್ತು ನಿಂತಿತು. ಆಗ ಹೇಳಬಹುದಿತ್ತು. ಚೀಟಿ ಎದೆಯ ಮೇಲಿನ ಕಿಸೆಯಲ್ಲೇ ಇತ್ತು, ಪೆನ್ನಿನ ಹಿಂದೆ.

"ಇನ್ನು ನಾನು ಕೂತ್ಕೊಳ್ಳುದು ಬೇಡ," ಎಂದಳು. "ಬೀದಿಯ ಹೆಸರು ಹಾಳಾಗ್ತದೆ."

ಮಗ್ಗದಲ್ಲಿದ್ದದ್ದನ್ನು ಮುಗಿಸಿ ಬಟ್ಟೆ ಇಳಿಸಿದಳು. ಮರ, ಹಗ್ಗ ಎಲ್ಲ ಬಿಚ್ಚಿಟ್ಟಳು. ಆಮೇಲೆ ಬೇರೆ ಮನೆಗಳ ನೂಲನ್ನು ತಂದು ರಾಟೆಯಲ್ಲಿ ಲಾಳಿಯ ಕೊಳವೆಗಳಿಗೆ ಸುತ್ತಿಕೊಡತೊಡಗಿದಳು. ನಮ್ಮಲ್ಲಿ ಅದು ಮಕ್ಕಳು ಮುದುಕಿಯರು ಮಾಡುವ ಕೆಲಸ. ನಾನು ನಮ್ಮ ಬೀದಿಯವರ ಬಟ್ಟೆಗಳನ್ನೆಲ್ಲ ಒಟ್ಟು ಮಾಡಿ ಮಂಗಳೂರಿಗೆ ಒಯ್ಯುವವನಾದೆ, ನನ್ನ ತಿರುಗಾಟ ನಿಲ್ಲಲಿಲ್ಲ. ಆ ವರ್ಷ ಅವಳ ಮನಸ್ಸು ಹಗುರಾಗಲೆಂದು ಒಂದು ಮಿಲ್ಲಿನ ಸೀರೆ ತಂದುಕೊಟ್ಟೆ. ಜೀವಮಾನವೆಲ್ಲ ಸೀರೆ ನೇಯ್ದವಳಿಗೆ! ಅವಳು ಅಂಚನ್ನು ಬೆರಳುಗಳ ನಡುವೆ ಎಳೆದು ನೋಡಿ, "ಎಷ್ಟು ನೇರ ಉಂಟು. ಇದು ಮಾಡಿದವನಿಗೆ ಕಣ್ಣು ಒಳ್ಳೇದುಂಟು," ಎಂದಳು. ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಚಾವಡಿಯ ಗುಂಡಿ ಖಾಲಿ ಬಿದ್ದಿತ್ತು. ನಾನು ಅದರ ಮೇಲೆ ಹಲಗೆ ಹಾಸಿ, ಗಾಜಿನ ಬಾಗಿಲಿನ ಒಂದು ಕಪಾಟು ತಂದು ನಿಲ್ಲಿಸಿದೆ. ಒಳಗೆ ಬೂಟು, ಕನ್ನಡಿ, ಅತ್ತರಿನ ಕುಪ್ಪಿಗಳು, ನಡೆಯದ ಟೈಂಪೀಸು. ಬಂದವರು ಚಾವಡಿಗೆ ಹತ್ತಿದ ಕೂಡಲೇ ಅದನ್ನೇ ನೋಡಬೇಕು. "ಗಟ್ಟಿ ಉಂಟಾ ನೆಲ?" ಎಂದು ಅಕ್ಕ ಕೇಳಿದಳು. "ಹಲಗೆ ಹಾಕಿದ್ದೇನೆ," ಎಂದೆ.

ಆ ಕಪಾಟಿನ ಎದುರೇ ಜನಗಣತಿಯ ಮಾಷ್ಟ್ರು ಬಂದು ಕೂತರು. ಹೆಸರು, ವಯಸ್ಸು ಕೇಳಿ ಬರೆದುಕೊಂಡು ಅಕ್ಕನ ಕಸುಬೇನೆಂದರು.

"ನೇಯ್ಗೆ," ಎಂದಳು ಅಕ್ಕ, ರಾಟೆಯ ಹತ್ತಿರದಿಂದ.

"ಅದು ಮೊದಲು ಮಾಷ್ಟ್ರೇ," ಎಂದೆ ನಾನು. "ಈಗ ಎಂತ ಇಲ್ಲ. ಮನೆಯಲ್ಲೇ ಇರುದು ಅಂತ ಬರೀರಿ."

ರಾಟೆ ನಿಂತಿತು. ಮಾಷ್ಟ್ರು ನಾನು ಹೇಳಿದಂತೆ ಬರೆದರು. ನನ್ನ ಕಸುಬು ಕೇಳಿದಾಗ 'ವ್ಯಾಪಾರ' ಎಂದೆ. ಅವರ ಪೆನ್ನಿನ ಶಾಯಿ ಅಲ್ಲಿಗೇ ಮುಗಿಯಿತು. "ನಿಮ್ಮ ಪೆನ್ನು ಕೊಡಿ ಒಮ್ಮೆ," ಎಂದು ಕೈ ಚಾಚಿದರು. ಕೊಟ್ಟೆ. ಗೀಚಿದರು, ಕೊಡವಿದರು, ಮತ್ತೆ ಗೀಚಿದರು.

"ಶಾಯಿ ಇಲ್ವಾ?"

"ಅದಕ್ಕೆ ಶಾಯಿ ಹಾಕ್ಲಿಲ್ಲ."

"ಯಾವಾಗಿಂದ?"

ನಾನು ಪೆನ್ನನ್ನು ವಾಪಸು ತೆಗೆದುಕೊಂಡು ಕಿಸೆಗೆ ಸಿಕ್ಕಿಸಿದೆ. ಎದುರು ಮನೆಯ ಅಜ್ಜಿ ಅಂಗಳದಿಂದಲೇ, "ಅವನ ಸರಪಳಿಗೆ ಗಡಿಯಾರ ಇಲ್ಲ, ಪೆನ್ನಿಗೆ ಶಾಯಿ ಇಲ್ಲ. ಅದನ್ನೂ ಬರ್ಕೊಳ್ಳಿ ಮಾಷ್ಟ್ರೇ," ಎಂದಳು. ಅಂದು ಅಕ್ಕ ನಗಲಿಲ್ಲ.

ಕಪಾಟು ತುಂಬಿದ ಮೇಲೆ ಬಿಚ್ಚದ ಕಟ್ಟುಗಳನ್ನು ಅಟ್ಟದಲ್ಲಿ ಇಡತೊಡಗಿದೆ. ಒಂದು ಮಧ್ಯಾಹ್ನ, ಅಕ್ಕ ಬಾವಿಕಟ್ಟೆಯಲ್ಲಿದ್ದಾಗ, ಹೊಸದೊಂದು ಕಟ್ಟನ್ನು ಬಚ್ಚಿಡಲು ಏಣಿ ಹತ್ತಿದೆ. ನನ್ನ ಕಟ್ಟುಗಳ ಹಿಂದೆ, ತೊಲೆಗೆ ತೂಗಿಬಿಟ್ಟ ಒಂದು ಸುರುಳಿ ಕಂಡಿತು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿತ್ತು. ಬಿಚ್ಚಿದೆ. ಅವಳ ಹಣಿಗೆ. ಕೊನೆಯ ಹಾಸಿನ ಎಳೆಗಳ ತುದಿಗಳು ಗೇಣುದ್ದ ಹಾಗೇ ಇದ್ದವು, ಹತ್ತತ್ತು ಎಳೆಗೆ ಒಂದರಂತೆ ಸಡಿಲ ಕಟ್ಟು ಹಾಕಿ, ಬಾಚಿ ಮಲಗಿಸಿದ ಕೂದಲಿನ ಹಾಗೆ. ಅವಳು ಕತ್ತರಿಸಿ ಬಿಸಾಡಿದ್ದಾಳೆಂದೇ ನಾನು ತಿಳಿದಿದ್ದೆ. ನೇಯ್ಗೆ ಬಿಟ್ಟವರು ಹಣಿಗೆಯನ್ನು ಮಾರಿಬಿಡುತ್ತಾರೆ. ತುದಿ ಉಳಿಸಿ ಇಡುವವರು ಮತ್ತೆ ಹಾಸು ಹೂಡುವವರು ಮಾತ್ರ.

ನೂಲಿಗೆ ಹುಳ ಬಾರದಂತೆ ನಡುವೆ ನೆಕ್ಕಿ ಸೊಪ್ಪು ಇಟ್ಟಿದ್ದಳು. ಸೊಪ್ಪು ಹಸಿರಾಗಿತ್ತು. ಅದೇ ವಾರದಲ್ಲಿ ಇಟ್ಟದ್ದು. ಕೆಳಗೆ ಸೀರೆಯ ಮಡಿಕೆಯಲ್ಲಿ ಒಣಗಿ ಪುಡಿಯಾದ ಸೊಪ್ಪು, ವರ್ಷಗಳಷ್ಟು.

ಅಕ್ಕ ಇಷ್ಟು ವರ್ಷ ಏಣಿ ಹತ್ತಿ ಬಂದಿದ್ದಳು. ನನ್ನ ಬಿಚ್ಚದ ಕಟ್ಟುಗಳನ್ನು ಪಕ್ಕಕ್ಕೆ ಸರಿಸಿ, ಸೊಪ್ಪು ಬದಲಿಸಿ, ಮತ್ತೆ ಸರಿಸಿಟ್ಟು ಇಳಿದಿದ್ದಳು. ಮದ್ರಾಸಿನಿಂದ ಗಾಜು ಬರುವವರೆಗೆ ಕೆಡದಿರಲೆಂದು. ನಾನು ಅಟ್ಟದಲ್ಲಿ ಕೂತೆ. ಸುತ್ತ ನಾನು ಕೊಂಡ ಸಾಮಾನುಗಳಿದ್ದವು. ಅವುಗಳಲ್ಲಿ ಒಂದನ್ನಾದರೂ ನಾನು ಹಾಗೆ ಕಾಪಾಡಿದವನಲ್ಲ. ಯಾವ ಕಟ್ಟಿನೊಳಗೆ ಏನಿದೆಯೆಂದು ಕೂಡ ನೆನಪಿರಲಿಲ್ಲ. ಬೀದಿಯಲ್ಲಿ ಯಾರಾದರೂ ನನ್ನನ್ನು ನೀನು ಯಾರೆಂದು ಕೇಳಿದರೆ ತೋರಿಸಲು ಇವೇ ಇದ್ದವು. ಮಾಷ್ಟ್ರು ಅವಳನ್ನು ಕೇಳಿದಾಗ ಅವಳು ಒಂದೇ ಮಾತು ಹೇಳಿದ್ದಳು, ಅದನ್ನು ನಾನು ಅಳಿಸಿ ಬರೆಸಿದ್ದೆ.

ಮರುದಿನ ಅವಳನ್ನೇ ಕರೆದುಕೊಂಡು ರೈಲು ಹತ್ತಿದೆ. "ಗಾಜು ಬಂತಂತೆ," ಎಂದೆ. ಆಗಲೂ ಸುಳ್ಳು ಬಿಡಲಾಗಲಿಲ್ಲ.

ಕನ್ನಡಕದ ಅಂಗಡಿಯಲ್ಲಿ ಮುದುಕರೊಬ್ಬರಿದ್ದರು. ಮಡಿಕೆಯಲ್ಲಿ ಹರಿದುಹೋಗಿದ್ದ ಚೀಟಿಯನ್ನು ಗಾಜಿನ ಮೇಜಿನ ಮೇಲೆ ಜೋಡಿಸಿ ಓದಿದರು.

"ಇದು ಯಾವ ಕಾಲದ್ದು! ಆಗಲೇ ಯಾಕೆ ಬರ್ಲಿಲ್ಲ ಅಮ್ಮ?"

"ಯುದ್ಧ ಅಲ್ವಾ," ಎಂದಳು ಅಕ್ಕ. "ಗಾಜು ಬರ್ತಾ ಇರ್ಲಿಲ್ಲ ಅಂತೆ."

"ಯಾರು ಹೇಳಿದ್ದು? ಇದು ಸಾದಾ ನಂಬ್ರ. ನಲವತ್ತಾದವರಿಗೆಲ್ಲ ಇದೇ. ನಮ್ಮಲ್ಲಿ ಇದು ಇಲ್ಲದ ದಿನ ಇಲ್ಲ."

ನಾನು ಬಾಗಿಲಿನ ಹೊರಗೆ ನೋಡುತ್ತ ನಿಂತಿದ್ದೆ. ಅಕ್ಕ ನನ್ನ ಕಡೆ ತಿರುಗಲಿಲ್ಲ.

"ಹೌದಾ," ಎಂದಳು.

ಅವರು ಬೇರೆ ಬೇರೆ ಗಾಜು ಹಾಕಿ ನೋಡಿ, ಕೊನೆಗೆ ಒಂದನ್ನು ಇಟ್ಟು, ಓದಲು ಪತ್ರಿಕೆ ಕೊಟ್ಟರು. ಅಕ್ಕನಿಗೆ ಓದು ಬಾರದು. ಅವಳು ಸೆರಗಿನ ತುದಿಯನ್ನು ಎಳೆದು ಕಣ್ಣಿನ ಹತ್ತಿರ ತಂದಳು. ತುಟಿ ಅಲುಗುತ್ತಿತ್ತು. ಎಳೆಗಳನ್ನು ಎಣಿಸುತ್ತಿದ್ದಳು.

ಬರುವಾಗ ರೈಲಿನಲ್ಲಿ ಅವಳು ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಒಮ್ಮೆ ನನ್ನ ಮುಖವನ್ನು ಹತ್ತಿರದಿಂದ ನೋಡಿ, "ನಿನಗೂ ಗಡ್ಡ ಬೆಳ್ಳಗಾಯ್ತಲ್ಲ," ಎಂದಳು. ಅಷ್ಟೇ. ಮೊಗ್ರಾಲಿನ ಸಂಕ ಬರುವಾಗ ಹೇಳಿಬಿಡಬೇಕೆಂದುಕೊಂಡೆ. ಸಂಕದ ಸದ್ದಿನಲ್ಲಿ ಕೇಳಿಸದು ಎಂದು ನೆವ ಮಾಡಿಕೊಂಡೆ. ಸದ್ದು ನಿಂತ ಮೇಲೂ ಬಾಯಿ ಬರಲಿಲ್ಲ.

ಎರಡು ದಿನ ಬಿಟ್ಟು ಅವಳು, "ಕಪಾಟು ಸರಿಸು," ಎಂದಳು.

ಒಳಗಿದ್ದದ್ದನ್ನು ತೆಗೆದು ಅಂಗಳದಲ್ಲಿ ಸುರಿದೆ. ಬೀದಿಯವರು ಬೇಕಾದ್ದನ್ನು ಒಯ್ದರು. ಅಜ್ಜಿ ಸರಪಳಿ ಮಾತ್ರ ತೆಗೆದುಕೊಂಡಳು, ದನಕ್ಕಲ್ಲ, ತೊಟ್ಟಿಲಿಗೆ ಎಂದಳು. ಹಲಗೆ ಎತ್ತಿದಾಗ ಗುಂಡಿಯೊಳಗಿನಿಂದ ತಣ್ಣನೆಯ ಮಣ್ಣಿನ ವಾಸನೆ ಬಂತು. ಅಕ್ಕ ಅಂಚಿನಲ್ಲಿ ಕೂತು ಕಾಲು ಇಳಿಬಿಡಲು ನೋಡಿದಳು. ಮಂಡಿ ಬಗ್ಗಲಿಲ್ಲ. ಇನ್ನೊಮ್ಮೆ ನೋಡಿದಳು. ನಾನು ಹಿಡಿಯಲು ಹೋದರೆ ಬೇಡವೆಂದು ಕೈ ಮಾಡಿದಳು.

"ಇಳೀಲಿಕ್ಕೆ ಆಗುದಿಲ್ಲ ಇನ್ನು," ಎಂದಳು. ಸ್ವಲ್ಪ ಹೊತ್ತು ಗುಂಡಿಯನ್ನೇ ನೋಡಿ, "ಸೇರಿಸ್ಲಿಕ್ಕೆ ಕಾಲು ಬೇಡ ಅಲ್ವಾ," ಎಂದಳು.

ಅಜ್ಜಿಯ ಮೊಮ್ಮಗಳ ಮದುವೆಗೆ ಹಾಸು ಸಿದ್ಧವಾಗಿತ್ತು. ಅಕ್ಕನ ಹಣಿಗೆಯಲ್ಲೇ ಸೇರಿಸುವುದೆಂದಾಯಿತು. ನೇಯುವವನು ಅಜ್ಜಿಯ ಮಗ. ಎಲೆ ಅಡಿಕೆ ಇಟ್ಟು ಅಕ್ಕನನ್ನು ಅವರ ಚಾವಡಿಗೆ ಕರೆದರು. ಈ ಕೆಲಸಕ್ಕೆ ಇಬ್ಬರು ಬೇಕು, ಎದುರು ಕೂತವರು ಹೊಸ ಎಳೆಯನ್ನು ಒಂದೊಂದಾಗಿ ಎತ್ತಿ ಕೊಡಬೇಕು. ಚಿಕ್ಕಂದಿನಲ್ಲಿ ಕಲಿತಿದ್ದ ಒಂದೇ ಕೆಲಸವೆಂದು ನಾನು ಕೂತೆ. ಅಕ್ಕ ಕನ್ನಡಕ ಹಾಕಿ, ಬೆರಳಿಗೆ ಬೂದಿ ಹಚ್ಚಿ, ಕಟ್ಟು ಬಿಚ್ಚಿ, ಅಷ್ಟು ವರ್ಷ ಕಾದಿದ್ದ ಮೊದಲ ಎಳೆಯನ್ನು ಹಿಡಿದಳು.

"ಕೊಡು," ಎಂದಳು.

ಕೊಟ್ಟೆ. ಹೊಸೆದಳು, ಎಳೆದು ನೋಡಿದಳು, ಹಿಡಿಯಿತು.

"ಕೊಡು."

ನೂರು ಎಳೆ ಆಗಿರಬಹುದು. ಬೆಳಗಿನ ಬಿಸಿಲು ಚಾವಡಿಯಿಂದ ಸರಿದಿತ್ತು. ಅವಳ ಕೈ ನನ್ನ ಮುಂದೆ ಚಾಚಿಕೊಂಡಿತ್ತು. ನಾನು ಎಳೆಯನ್ನು ಎತ್ತಿದವನು ಕೊಡದೆ ಹಿಡಿದುಕೊಂಡೆ. ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

"ಅಕ್ಕಾ," ಎಂದೆ. "ಗಾಜು ಬರ್ಲಿಲ್ಲ ಅಂತ ನಾನು ಹೇಳಿದ್ದೆಲ್ಲ ಸುಳ್ಳು. ಆ ಅಂಗಡಿಯ ಒಳಗೆ ನಾನು ಹೋಗ್ಲೇ ಇಲ್ಲ. ನಿನ್ನ ಕನ್ನಡಕದ ದುಡ್ಡಲ್ಲಿ ಪೆನ್ನು ತೆಕ್ಕೊಂಡೆ. ನಿನಗೆ ಕಾಣುದಿಲ್ಲ ಅಂತ ಗೊತ್ತಿದ್ದೂ ತರ್ಲಿಲ್ಲ. ಮಾಷ್ಟ್ರು ಕೇಳಿದಾಗ ನೀನು ಎಂತದೂ ಅಲ್ಲ ಅಂತ ಬರೆಸಿದ್ದೂ ನಾನೇ. ನನ್ನದು ತಪ್ಪಾಯ್ತು ಅಕ್ಕ. ತಪ್ಪಾಯ್ತು."